ವಾಸನೆ ಬರುವ ಪಾಪಗಳು

'ಮಡಿ' ಎಂಬ ಪದ ನಮ್ಮ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ನಾವು ಉಡುಪಿ ಕಡೆಯ ಪ್ರೊಟೆಸ್ಟೆಂಟರು. ಒದ್ದೆ ಪಂಚೆ, ಮುಟ್ಟಿದರೆ ಮತ್ತೆ ಸ್ನಾನ, ಇವೆಲ್ಲ ಬೇರೆಯವರ ಮನೆಯ ಸಂಗತಿಗಳು. ನಮ್ಮಲ್ಲಿದ್ದದ್ದು 'ಪರಿಶುದ್ಧ' ಎಂಬ ಪದ. ಪರಿಶುದ್ಧಾತ್ಮ, ಪರಿಶುದ್ಧ ಸಭೆ, ಪರಿಶುದ್ಧ ಜೀವಿತ. ಆದರೆ ಪದ ಬದಲಾದ ಮಾತ್ರಕ್ಕೆ ಮಡಿ ಮನೆ ಬಿಟ್ಟು ಹೋಗುವುದಿಲ್ಲ. ಇದನ್ನು ಕಣ್ಣಾರೆ ಕಂಡದ್ದು ಚೆನ್ನೈನ ಪೋರೂರಿನಲ್ಲಿ.

ಪೋರೂರು, ಮಣಪಾಕ್ಕಂ ಕಡೆಯ ಐಟಿ ಪಾರ್ಕುಗಳಿಗೆ ಕೆಲಸಕ್ಕೆಂದು ಬಂದ ಐದಾರು ಕನ್ನಡ ಕ್ರೈಸ್ತ ಕುಟುಂಬಗಳು ತಿಂಗಳಿಗೆರಡು ಭಾನುವಾರ ಸಂಜೆ ಯಾರದಾದರೂ ಫ್ಲ್ಯಾಟಿನಲ್ಲಿ ಸೇರುತ್ತೇವೆ. ಬೆಳಿಗ್ಗೆಯ ಆರಾಧನೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಆಗಿರುತ್ತದೆ. ಸಂಜೆ ಕನ್ನಡದಲ್ಲಿ ಹಾಡು, ಪ್ರಾರ್ಥನೆ, ಆಮೇಲೆ ನೀರ್‌ದೋಸೆ, ಕೋಳಿಸಾರು. ನಮ್ಮೊಂದಿಗೆ ಬರುತ್ತಿದ್ದ ಒಬ್ಬ ಹುಡುಗನಿಗೆ ಕಳೆದ ವರ್ಷ ಕೆಲಸ ಹೋಯಿತು. ಕುಡಿಯಲು ಶುರು ಮಾಡಿದ. ಎರಡು ಭಾನುವಾರ ಕುಡಿದೇ ಬಂದ. ಗಲಾಟೆ ಮಾಡಲಿಲ್ಲ, ಮೂಲೆಯಲ್ಲಿ ಕೂತಿದ್ದ. ಆದರೆ ವಾಸನೆ ಇಡೀ ಹಾಲ್‌ಗೆ ಹರಡಿತ್ತು.

ಮೂರನೆಯ ಭಾನುವಾರ ಅವನಿರಲಿಲ್ಲ. ಹಿರಿಯರೊಬ್ಬರು ಮಾತೆತ್ತಿದರು. "ಮಕ್ಕಳಿರುವ ಕಡೆ ಇದೆಲ್ಲ ಆಗುವುದಿಲ್ಲ ಮಾರಾಯ್ರೆ. ಸರಿಯಾದ ಮೇಲೆ ಬರಲಿ. ಸಭೆ ಪರಿಶುದ್ಧವಾಗಿರಬೇಕಲ್ಲ?" ಅದಕ್ಕೆ ಅವರು ಕೊಟ್ಟ ಆಧಾರ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯ.

ಆ ಅಧ್ಯಾಯ ಕಠಿಣವಾದದ್ದೇ. ಕೊರಿಂಥದ ಸಭೆಯಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ಅವನನ್ನು ಹೊರಗೆ ಹಾಕಿ ಎಂದು ಪೌಲ ಬರೆಯುತ್ತಾನೆ. ಸ್ವಲ್ಪ ಹುಳಿ ಇಡೀ ಕಣಕವನ್ನು ಹುಳಿ ಮಾಡುತ್ತದೆ ಎಂಬುದು ಅವನ ವಾದ. ದೋಸೆ ಹಿಟ್ಟಿಗೆ ಒಂದು ಸೌಟು ಹಳೆಯ ಹಿಟ್ಟು ಬೆರೆಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ಬದುಕು ಅವನೊಬ್ಬನದೇ ಅಲ್ಲ, ಅದು ಎಲ್ಲರನ್ನೂ ತಾಗುತ್ತದೆ ಎಂಬುದನ್ನು ನಾನೂ ನಂಬುತ್ತೇನೆ.

ಆದರೆ ಓದನ್ನು ಅಲ್ಲಿಗೇ ನಿಲ್ಲಿಸಬಾರದು. ಅದೇ ಅಧ್ಯಾಯದ ಕೊನೆಯಲ್ಲಿ ಪೌಲ ಕೊಡುವ ಪಟ್ಟಿಯಲ್ಲಿ ಕುಡುಕನ ಜೊತೆಗೆ ಲೋಭಿಯೂ ಇದ್ದಾನೆ, ಸುಲಿಗೆ ಮಾಡುವವನೂ ಬೈಯುವವನೂ ಇದ್ದಾರೆ. ಹನ್ನೊಂದನೆಯ ಅಧ್ಯಾಯದಲ್ಲಿ ಅವನ ಸಿಟ್ಟೆಲ್ಲ ಉಳ್ಳವರ ಮೇಲೆ. ಕರ್ತನ ಭೋಜನಕ್ಕೆಂದು ಸೇರಿದಾಗ ಅವರು ತಮ್ಮ ಪಾಡಿಗೆ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಎರಡನೆಯ ಪತ್ರದಲ್ಲಿ, ಸಭೆ ಶಿಕ್ಷಿಸಿದ ಒಬ್ಬನ ವಿಷಯ ಬರುತ್ತದೆ. ಅವನೇ ಇವನೋ ಬೇರೆಯವನೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ಪೌಲನ ಸೂಚನೆ ಸ್ಪಷ್ಟವಾಗಿದೆ. ಶಿಕ್ಷೆ ಸಾಕು, ಕ್ಷಮಿಸಿ, ಸಮಾಧಾನ ಹೇಳಿ, ಇಲ್ಲದಿದ್ದರೆ ಅವನು ದುಃಖದಲ್ಲೇ ಮುಳುಗಿಹೋದಾನು.

ಆ ಪಟ್ಟಿಯ ಲೋಭಿಯ ಬಗ್ಗೆ ನಮ್ಮ ಗುಂಪಿನಲ್ಲಿ ಯಾವತ್ತೂ ಚರ್ಚೆಯಾಗಿರಲಿಲ್ಲ. ಹಿಂದಿನ ವರ್ಷ ಅದೇ ಹಿರಿಯರ ಮಗನ ನಿಶ್ಚಿತಾರ್ಥವಾಗಿತ್ತು. ಹುಡುಗಿಯ ಮನೆಯವರು ಕೊಟ್ಟ 'ಉಡುಗೊರೆ' ಹೊಸ ಕಾರು. ನಾವೆಲ್ಲ ಅದರ ಸುತ್ತ ನಿಂತು ಪ್ರಾರ್ಥಿಸಿದ್ದೆವು. ಹೆಂಡಕ್ಕೆ ವಾಸನೆಯಿದೆ, ವರದಕ್ಷಿಣೆಗೆ ಇಲ್ಲ. ಆ ಸಂಜೆ ನಾನು ಇದನ್ನು ಹೇಳಿದೆ. ಯಾರೂ ಮಾತಾಡಲಿಲ್ಲ. ಹಿರಿಯರು ಎದ್ದು ಚಪ್ಪಲಿ ಹಾಕಿಕೊಂಡರು.

ವಾಸನೆ ಬರುವ ಪಾಪವನ್ನು ಹಿಡಿದು, ಬಾರದ್ದನ್ನು ಸಂಪ್ರದಾಯವೆಂದು ಬಿಡುವುದು ಈ ಊರಿನ ಚರ್ಚುಗಳಿಗೆ ಹೊಸದಲ್ಲ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್, ಸಭೆಗಳಲ್ಲಿ ಜಾತಿಭೇದ ಕೂಡದು ಎಂದು ಆದೇಶ ಹೊರಡಿಸಿದರು. ತಂಜಾವೂರಿನಲ್ಲೂ ಮದ್ರಾಸಿನ ವೇಪೇರಿಯಲ್ಲೂ ಬಹಳ ಮಂದಿ ಮೇಲುಜಾತಿಯ ಕ್ರೈಸ್ತರು ಸಭೆ ಬಿಟ್ಟು ಹೊರನಡೆದರು. ತಂಜಾವೂರಿನ ದೊಡ್ಡ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಯೂ ಜಾತಿಯಾಚಾರದ ಪರವಾಗಿ ಬರೆದವರೇ. ಅವರೆಲ್ಲ ಪ್ರಾರ್ಥನೆ ತಪ್ಪಿಸದ ಭಕ್ತರು. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವುದು ಮಾತ್ರ ಅವರಿಗೆ ಕಷ್ಟವಾಗಿತ್ತು. ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಸಮಾಧಿಗಳನ್ನು ಬೇರ್ಪಡಿಸಲು ಗೋಡೆಯನ್ನೇ ಕಟ್ಟಲಾಗಿತ್ತು. ಮಣ್ಣಾದ ಮೇಲೂ ಮಡಿ. ನಮ್ಮ ಕರಾವಳಿಯವರು ಇದನ್ನು ಕೇಳಿ ಬೀಗಬೇಕಾಗಿಲ್ಲ, ನಮ್ಮ ಮದುವೆ ಮಾತುಕತೆಗಳಲ್ಲೂ 'ಮೊದಲು ಯಾವ ಜಾತಿಯವರು' ಎಂಬ ಪ್ರಶ್ನೆ ಮೆಲ್ಲಗೆ ಬಂದೇ ಬರುತ್ತದೆ.

ನಮ್ಮ ಊರಿನ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಿಸ್ತಿನ ಜನ. ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ಕುಲಕಸುಬಾದ ಶೇಂದಿ ಇಳಿಸುವುದು ಮಿಷನ್ನಿಗೆ ಒಪ್ಪಿಗೆಯಾಗಲಿಲ್ಲ. ಕಸುಬು ಬಿಟ್ಟವರಿಗೆ, ಮನೆಯವರಿಂದ ದೂರವಾದವರಿಗೆ ಊಟ ಎಲ್ಲಿಂದ ಬರಬೇಕು? ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆ ಬಂತು. ಆ ಕಾರ್ಖಾನೆಗಳ ಕಟ್ಟುನಿಟ್ಟಿನ ಬಗ್ಗೆ ತಕರಾರುಗಳು ಇರಬಹುದು. ಆದರೆ ಶುದ್ಧನಾಗು ಎಂದು ಹೇಳಿದವರು ಅವನ ಅನ್ನದ ದಾರಿಯನ್ನೂ ನೋಡಿದರು. ನಮ್ಮ ಹುಡುಗನಿಗೆ 'ಸರಿಯಾಗಿ ಬಾ' ಎಂದವರಾರೂ ಅವನ ರೆಸ್ಯೂಮೆ ಕೇಳಿರಲಿಲ್ಲ.

ಆಫೀಸಿನಲ್ಲಿ ನಾನು ಕಂಡದ್ದೊಂದಿದೆ. ತಪ್ಪು ಒಪ್ಪಿಕೊಂಡವರನ್ನು ಬೈಯುವ ಟೀಮಿನ ಡಿಫೆಕ್ಟ್ ರಿಪೋರ್ಟ್ ಯಾವಾಗಲೂ ಶುಭ್ರವಾಗಿರುತ್ತದೆ, ಗ್ರಾಹಕರ ಕೈ ಸೇರಿದಾಗಲೇ ಕೊಳಕು ಹೊರಬೀಳುವುದು. ಸಭೆಯೂ ಹಾಗೆ. ಯಾರೂ ಏನನ್ನೂ ಹೇಳಿಕೊಳ್ಳದ ಕಡೆ ಎಲ್ಲರೂ ಪರಿಶುದ್ಧರಾಗಿಯೇ ಕಾಣುತ್ತಾರೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಮುಟ್ಟಿದವನಿಗೆ ಮೈಲಿಗೆ ಎಂಬುದು ಆ ಕಾಲದ ನಿಯಮ. ಅಲ್ಲಿ ನಡೆದದ್ದು ತಿರುವುಮುರುವು: ಮುಟ್ಟಿಸಿಕೊಂಡವನು ಶುದ್ಧನಾದ. ಹುಳಿ ಮಾತ್ರವಲ್ಲ, ಶುದ್ಧಿಯೂ ಹರಡುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮುಂದಿನ ವಾರ ನಾವು ಇಬ್ಬರು ಹುಡುಗನ ರೂಮಿಗೆ ಹೋದೆವು. ಇಂದಿರಾನಗರದಲ್ಲಿರುವ ಟಿ.ಟಿ.ಕೆ. ವ್ಯಸನಮುಕ್ತಿ ಆಸ್ಪತ್ರೆಗೆ ಸೇರಲು ಅವನು ಒಪ್ಪಿದ. ಆಸ್ಪತ್ರೆಯಿಂದ ಬಂದ ಮೇಲೆ ಎರಡು ಸಲ ಜಾರಿದ, ಎರಡೂ ಸಲ ತಾನೇ ಫೋನು ಮಾಡಿ ಹೇಳಿದ. ಈಗ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಭಾನುವಾರ ಬರುತ್ತಾನೆ, ಮಕ್ಕಳಿಗೆ ಗಿಟಾರ್ ಕಲಿಸುತ್ತಾನೆ.

ಹಿರಿಯರು ಮಾತ್ರ ಆಮೇಲೆ ಬಂದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಫೋನು ನೋಡುತ್ತಾರೆ. ನನ್ನ ಅಜ್ಜಿ ಕರ್ತನ ಭೋಜನದ ಹಿಂದಿನ ದಿನ ಮಾತು ಬಿಟ್ಟವರ ಮನೆಗೆ ಹೋಗಿ ಬರುತ್ತಿದ್ದಳು. ಜಗಳ ಯಾರದು ಎಂದು ಲೆಕ್ಕ ಹಾಕುತ್ತಿರಲಿಲ್ಲ, ಅಂಗಳದಲ್ಲಿ ನಿಂತು "ನಾಳೆ ಮೇಜಿಗೆ ಹೋಗಲಿಕ್ಕುಂಟಲ್ಲ" ಎನ್ನುತ್ತಿದ್ದಳು, ಅಷ್ಟೆ. ಬರುವ ಭಾನುವಾರ ನಮ್ಮ ಚರ್ಚಿನಲ್ಲಿ ಕರ್ತನ ಭೋಜನ. ವರದಕ್ಷಿಣೆಯ ಬಗ್ಗೆ ಹೇಳಿದ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಶನಿವಾರ ಸಂಜೆ ಎರಡು ಮಹಡಿ ಹತ್ತಿ ಅವರ ಮನೆಯ ಬೆಲ್ ಒತ್ತಲಿಕ್ಕುಂಟು.