ಅಡ್ವಾನ್ಸ್ ಕಟ್ಟೋ ಮುಂಚೆ

ಸರ್ಜಾಪುರ ರಸ್ತೆಯಲ್ಲಿ ಇನ್ನೂ ಕಟ್ಟುತ್ತಿದ್ದ ಫ್ಲಾಟ್. ಪ್ರಾಜೆಕ್ಟಿಗೆ ರೇರಾ ನೋಂದಣಿ ಇತ್ತು. ಬಾಲ್ಕನಿ ನೋಡಿಯೇ ನಾನು ಸೋತುಹೋಗಿದ್ದೆ. "ಮೇಡಂ, ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ. ಇವತ್ತೇ 20 ಪರ್ಸೆಂಟ್ ಹಾಕಿಬಿಡಿ, ಅಗ್ರಿಮೆಂಟ್ ನಿಧಾನಕ್ಕೆ ಮಾಡ್ಕೊಳ್ಳೋಣ" ಅಂದ್ರು ಏಜೆಂಟ್. ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದೂ ಆಗಿತ್ತು. ಐದು ವರ್ಷದ ಉಳಿತಾಯ.

ಊರಿಂದ ಅಪ್ಪ ಫೋನಲ್ಲಿ ಕೇಳಿದ್ದು ಒಂದೇ: "ಆ ಏಜೆಂಟ್‌ಗೂ ರೇರಾ ನಂಬರ್ ಇದೆಯೇನಮ್ಮಾ?"

ಕೇಳಿದೆ. "ಅದೆಲ್ಲ ಬಿಲ್ಡರ್‌ಗೆ ಮೇಡಂ, ನಮಗಲ್ಲ" ಎಂದು ನಕ್ಕರು. ಮನೆಗೆ ಬಂದು ಓದಿದೆ. 2016ರ ರೇರಾ ಕಾಯ್ದೆ ಪ್ರಕಾರ ಇಂಥ ಪ್ರಾಜೆಕ್ಟಿನ ಫ್ಲಾಟ್ ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಲೇಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಇವರ ಹೆಸರು ಸಿಗಲಿಲ್ಲ. ಇನ್ನೂ ಒಂದಿತ್ತು: ಅಗ್ರಿಮೆಂಟ್ ನೋಂದಣಿ ಆಗದೆ ಬಿಲ್ಡರ್ 10 ಪರ್ಸೆಂಟಿಗಿಂತ ಹೆಚ್ಚು ತಗೊಳ್ಳುವಂತಿಲ್ಲ!

ಬಾಲ್ಕನಿ ಬಿಟ್ಟೆ. ಎರಡು ದಿನ ಬೇಜಾರಾಗಿತ್ತು, ಸುಳ್ಳೇಕೆ.

ಈಗಿನ ಏಜೆಂಟ್ ಮಾತು ಕಮ್ಮಿ. ಮೊದಲ ಭೇಟಿಯಲ್ಲೇ ನೋಂದಣಿ ಪತ್ರದ ಜೆರಾಕ್ಸ್ ಕೊಟ್ಟರು. ಕಮಿಷನ್ ಎಷ್ಟು, ಯಾವಾಗ ಕೊಡಬೇಕು ಅಂತ ಬರೆದೇ ಕೊಟ್ಟರು. ನನಗೆ ಇಷ್ಟವಾದ ಹಳೇ ಫ್ಲಾಟ್ ಒಂದರ ಇ.ಸಿ., ಅಂದ್ರೆ ಋಣಭಾರ ಪತ್ರ, ತೆಗೆಸಿ ಅದರಲ್ಲಿದ್ದ ಬ್ಯಾಂಕ್ ಅಡಮಾನ ತೋರಿಸಿದರು. "ಇದು ತೀರೋವರೆಗೂ ಬೇಡ ಮೇಡಂ." ಅವರ ಕಮಿಷನ್ನೂ ಅಲ್ಲಿಗೇ ಹೋಯ್ತು.

ಮನೆ ಇನ್ನೂ ಸಿಕ್ಕಿಲ್ಲ. ಈ ಭಾನುವಾರ ವರ್ತೂರು ಕಡೆ ಎರಡು ನೋಡೋದಿದೆ. ಅಪ್ಪನೂ ಬರ್ತಿದ್ದಾರೆ.