ಉಪ್ಪುಗಾಳಿಯಲ್ಲಿ ಬೆಳಕಿನ ಲೆಕ್ಕ

ಕಾಪುವಿನ ದೀಪಸ್ತಂಭಕ್ಕೆ 1901ರಿಂದಲೂ ಒಂದೇ ಕೆಲಸ, ಕತ್ತಲಾದ ಮೇಲೆ ಕಡಲಿಗೆ ಬೆಳಕು ಹಾಕುವುದು. ಆದರೆ ಆ ಬೆಳಕು ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ದಿನಕ್ಕೊಂದು ಉತ್ತರ. ದೀಪಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗುವ ದೂರ, 10 ನಾಟಿಕಲ್ ಮೈಲು ಗೋಚರತೆಯ ತಿಳಿಗಾಳಿಗೆ ಹಾಕಿದ ಲೆಕ್ಕ. ಗಾಳಿ ಅಷ್ಟು ತಿಳಿಯಾಗಿರದ ರಾತ್ರಿಗಳ ಲೆಕ್ಕ ನನ್ನ ಪಾಲಿನ ಕೆಲಸ.

ಈ ಲೆಕ್ಕದ ಬುಡ 1729ರಷ್ಟು ಹಳೆಯದು. ಒಂದೇ ದಪ್ಪದ ಪ್ರತಿಯೊಂದು ಪದರವೂ ತನ್ನೊಳಗೆ ಬಂದ ಬೆಳಕಿನಲ್ಲಿ ಒಂದೇ ಪ್ರಮಾಣದ ಪಾಲನ್ನು ಕಳೆಯುತ್ತದೆ ಎಂದು ಫ್ರಾನ್ಸಿನ ಪಿಯರ್ ಬುಗೇರ್ ತೋರಿಸಿದ. ಕಿರಣ ಶೇ. 5ಕ್ಕೆ ಇಳಿಯುವ ದೂರವನ್ನು ಗೋಚರತೆ ಎಂದುಕೊಳ್ಳಿ. ಅದು 20 ಕಿ.ಮೀ. ಇದ್ದ ರಾತ್ರಿ, 10 ಕಿ.ಮೀ. ಸಾಗುವಷ್ಟರಲ್ಲಿ ಸುಮಾರು ಶೇ. 22ರಷ್ಟು ಬೆಳಕು ಉಳಿದಿರುತ್ತದೆ. ಗೋಚರತೆ 5 ಕಿ.ಮೀ.ಗೆ ಇಳಿದರೆ ಅದೇ ದೂರದಲ್ಲಿ ಉಳಿಯುವುದು ಶೇ. 0.25 ಮಾತ್ರ. ದೋಣಿಯಲ್ಲಿರುವವನಿಗೆ ಇದು ದಡ ಸಿಗುವ, ಸಿಗದಿರುವ ಪ್ರಶ್ನೆ.

ಬೆಳಕನ್ನು ಕದಿಯುವವು ಕಣ್ಣಿಗೆ ಕಾಣದ ಕಣಗಳು. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಉಪ್ಪುಹನಿಗಳು ಗಾಳಿ ಸೇರುತ್ತವೆ. ತೇವಾಂಶ ಶೇ. 80ರ ಹೊತ್ತಿಗೆ ಉಪ್ಪಿನ ಕಣ ನೀರು ಕುಡಿದು, ಒಣಗಿದ್ದಾಗಿನ ಸುಮಾರು ಎರಡು ಪಟ್ಟು ಅಗಲವಾಗಿರುತ್ತದೆ. ಅಂದರೆ ಬೆಳಕಿಗೆ ಅಡ್ಡ ನಿಲ್ಲುವ ಅದರ ಮೈ ನಾಲ್ಕು ಪಟ್ಟು. ನಡುಗಡಲಿಗೆ ಇಷ್ಟು ಸಾಕಾದೀತು. ಕರಾವಳಿಯಲ್ಲಿ ಹಾಗಲ್ಲ. ರಾತ್ರಿಯ ನೆಲಗಾಳಿ ಊರಿನ ಹೊಗೆ, ಧೂಳನ್ನೂ ಹೊತ್ತು ತರುತ್ತದೆ. ದಡಕ್ಕೆ ಬಡಿಯುವ ಅಲೆಗಳದ್ದು ಬೇರೆಯೇ ಉಪ್ಪು. ಒಂದೇ ಕಿರಣ ದಾಟುವ ದಾರಿಯಲ್ಲಿ ಗಾಳಿ ಎರಡು ಮೂರು ಬಗೆಯದಾಗಿರುತ್ತದೆ.

ನಮ್ಮ ದೊಡ್ಡಪ್ಪನಿಗೆ ಇದ್ಯಾವುದೂ ಹೊಸದಲ್ಲ. ನಾಡದೋಣಿಯಲ್ಲಿ ಹೊರಡುವ ಮುನ್ನ ಅವರು ಕೇಳುತ್ತಿದ್ದದ್ದು ಒಂದೇ: "ನಿನ್ನೆ ಇಡೀ ದಿನ ಗಾಳಿ ಹೇಗಿತ್ತು ಮಗಾ?" ಈಗ ಬೀಸುವ ಗಾಳಿ ಅವರಿಗೇ ಗೊತ್ತಾಗುತ್ತಿತ್ತಲ್ಲ, ನಿನ್ನೆಯದು ಯಾಕೆ ಎಂದು ನನಗೆ ಆಗ ಹೊಳೆಯುತ್ತಿರಲಿಲ್ಲ. ಅಮೆರಿಕದ ನೌಕಾಪಡೆಗಾಗಿ ಸ್ಟುವರ್ಟ್ ಗಾತ್‌ಮನ್ 1983ರಲ್ಲಿ ಪ್ರಕಟಿಸಿದ ಮಾದರಿಯನ್ನು ಓದುವಾಗ ಉತ್ತರ ಸಿಕ್ಕಿತು. ಅದು ಈ ಹೊತ್ತಿನ ಗಾಳಿವೇಗದ ಜೊತೆಗೆ ಹಿಂದಿನ 24 ಗಂಟೆಗಳ ಸರಾಸರಿಯನ್ನೂ ಕೇಳುತ್ತದೆ. ನಿನ್ನೆಯ ಗಾಳಿ ಎಬ್ಬಿಸಿದ ಸಣ್ಣ ಕಣಗಳು ಇವತ್ತೂ ತೇಲುತ್ತಿರುತ್ತವೆ.

ಈಗ ದೋಣಿಗಳಲ್ಲಿ ಜಿಪಿಎಸ್ ಇದೆ. ಆದರೂ ಬ್ಯಾಟರಿ ಮುಗಿದ ರಾತ್ರಿ ಕಣ್ಣು ಹುಡುಕುವುದು ಆ ದೀಪವನ್ನೇ. ಅದಕ್ಕೇ ನನ್ನ ಲೆಕ್ಕದಲ್ಲಿ ಸಂದೇಹ ಬಂದಾಗಲೆಲ್ಲ, ಕಾಣುವ ದೂರವನ್ನು ಒಂದಿಷ್ಟು ಕಡಿಮೆಯೇ ಬರೆಯುತ್ತೇನೆ.