ಪರೀಕ್ಷೆಗೆ ಬಾರದ ಪ್ರಶ್ನೆ

ಕನ್ನಡ ಮೇಷ್ಟರ ಮನೆಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಮರ್ಯಾದೆಯಿಲ್ಲವೆಂದು ಯಾರೂ ತಿಳಿಯಬಾರದು. ಮರ್ಯಾದೆ ಇದೆ, ಸ್ವಲ್ಪ ಹೆಚ್ಚಾಗಿಯೇ ಇದೆ. ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಜೋಡಿಸುವಾಗ ನನ್ನ ಕುಮಾರವ್ಯಾಸನ ತಲೆಯ ಮೇಲೆ ಮಗಳ ಷೇಕ್ಸ್‌ಪಿಯರ್ ಕೂರುತ್ತಾನೆ. ಕಾರಣ ಇಷ್ಟೇ, ಅವನ ಪುಸ್ತಕ ಚಿಕ್ಕದು.

ಕೆಲವು ವರ್ಷಗಳ ಹಿಂದಿನ ಮಾತು. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಐ.ಸಿ.ಎಸ್.ಇ. ಪರೀಕ್ಷೆಗೆ ಆಗ 'ದಿ ಮರ್ಚೆಂಟ್ ಆಫ್ ವೆನಿಸ್' ಪಠ್ಯವಾಗಿತ್ತು. ಇಂದಿರಾನಗರವೆಂದರೆ ಜನ ನೂರಡಿ ರಸ್ತೆಯ ದೀಪಗಳನ್ನು ನೆನೆಯುತ್ತಾರೆ. ನಾವಿರುವುದು ಅದರ ಹಿಂದಿನ ಓಣಿಯೊಂದರಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಪಾಠ ಓದುವ ಮಗಳು, ಉತ್ತರಪತ್ರಿಕೆ ತಿದ್ದುವ ನಾನು, ಅವರೆಕಾಯಿ ಸುಲಿಯುವ ನನ್ನ ತಾಯಿ, ಮೂವರಿಗೂ ಇರುವುದು ಒಂದೇ ಹಜಾರ. ಆದುದರಿಂದ ಒಬ್ಬರ ವಿದ್ಯೆ ಇನ್ನೊಬ್ಬರ ಕಿವಿಗೆ ಬೀಳದೆ ಗತ್ಯಂತರವಿಲ್ಲ.

ಒಂದು ಸಂಜೆ ಮಗಳು ಗೈಡು ಹಿಡಿದು 'ಐತಿಹಾಸಿಕ ಹಿನ್ನೆಲೆ' ಎಂಬ ಭಾಗವನ್ನು ಉರುಹೊಡೆಯುತ್ತಿದ್ದಳು. ಎಲಿಜಬೆತ್ ರಾಣಿಯ ಕಾಲದ ಜನ ಯೆಹೂದ್ಯರನ್ನು ದ್ವೇಷಿಸುತ್ತಿದ್ದರು. ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ನಂಬಿದ್ದರು. ವೆನಿಸ್ ದೊಡ್ಡ ವ್ಯಾಪಾರಸ್ಥಳವಾಗಿತ್ತು. ಒಟ್ಟು ಮೂರು ವಾಕ್ಯ.

"ಇದು ಯಾತಕ್ಕಮ್ಮ?" ಎಂದೆ.

"ಉತ್ತರದ ಕೊನೆಗೆ ಸೇರಿಸಿದರೆ ಒಂದು ಮಾರ್ಕು ಜಾಸ್ತಿ ಅಪ್ಪ" ಎಂದಳು. ಊಟದ ಕೊನೆಗೆ ಮಜ್ಜಿಗೆ ಹಾಕಿಸಿಕೊಂಡಂತೆ, ಉತ್ತರದ ಕೊನೆಗೆ ಒಂದು ಸೌಟು ಇತಿಹಾಸ!

ನನ್ನ ತಾಯಿಯ ಓದು ಮಾಧ್ಯಮಿಕ ಶಾಲೆಗೇ ನಿಂತುಹೋದದ್ದು. ಇಂಗ್ಲಿಷ್ ಬಾರದು, ಕಥೆಯೆಂದರೆ ಪ್ರಾಣ. "ಅದೇನು ಕಥೆಯೋ ಬಿಡಿಸಿ ಹೇಳೇ" ಎಂದರು. ಮಗಳು ಹೇಳಿದಳು. ಗೆಳೆಯನ ಮದುವೆಗಾಗಿ ಆಂಟೋನಿಯೋ ಷೈಲಾಕನಲ್ಲಿ ಮೂರು ಸಾವಿರ ಡುಕಾಟು ಸಾಲ ಪಡೆದದ್ದು, ಮೂರು ತಿಂಗಳಲ್ಲಿ ತೀರಿಸದಿದ್ದರೆ ಎದೆಯ ಬಳಿಯ ಒಂದು ಪೌಂಡು ಮಾಂಸವೆಂದು ಪತ್ರವಾದದ್ದು, ಗಂಡುವೇಷದ ಪೋರ್ಷಿಯಾ ನ್ಯಾಯಸ್ಥಾನದಲ್ಲಿ ಗೆದ್ದದ್ದು, ಕೊನೆಗೆ ಷೈಲಾಕ್ ಆಸ್ತಿಯನ್ನೂ ಮತವನ್ನೂ ಕಳೆದುಕೊಂಡದ್ದು. ಮಗಳಿಗೆ ಪೋರ್ಷಿಯಾ ಗೆದ್ದಳೆಂದು ಸಂತೋಷ. ತಾಯಿ ಮಾತ್ರ ಸುಲಿಯುವುದನ್ನು ನಿಲ್ಲಿಸಿ ಮೂರು ಪ್ರಶ್ನೆ ಕೇಳಿದರು.

"ಆ ಸಾಲ ಕೊಡುವವನಿಗೆ ಬೇರೆ ಕಸುಬು ಇರಲಿಲ್ಲವೇನೆ? ಅವನ ಮೇಲೆ ಉಗುಳುತ್ತಿದ್ದವರು ದುಡ್ಡಿಗೆ ಅವನ ಹತ್ತಿರವೇ ಯಾಕೆ ಹೋದರು? ಇದನ್ನು ಬರೆದಾತ ಅಂಥ ಮನುಷ್ಯನನ್ನು ಎಂದಾದರೂ ಕಂಡಿದ್ದನೆ?"

ಮಗಳು ಗೈಡಿನ ಹಾಳೆ ತಿರುವಿದಳು. ಉತ್ತರವಿರಲಿಲ್ಲ. "ಇದೆಲ್ಲ ಪರೀಕ್ಷೆಗೆ ಬರುವುದಿಲ್ಲ ಅಜ್ಜಿ" ಎಂದಳು. ತಾಯಿ ನನ್ನ ಕಡೆ ನೋಡಿದರು. ಎಂ.ಎ. ಮಾಡಿದ ಮಗನಿಗೆ ಆ ನೋಟದಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಎರಡು ರಾತ್ರಿ ಓದಿದೆ. ಮೂರನೆಯ ಸಂಜೆ ಅದೇ ಹಜಾರದಲ್ಲಿ ಒಪ್ಪಿಸಿದೆ. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನು 1290ರಲ್ಲಿಯೇ ಯೆಹೂದ್ಯರನ್ನು ದೇಶದಿಂದ ಹೊರಡಿಸಿದ್ದ. ಅವರು ಮತ್ತೆ ಬಹಿರಂಗವಾಗಿ ನೆಲಸಲು ಸಾಧ್ಯವಾದದ್ದು 1656ರಲ್ಲಿ. ಈ ನಾಟಕ ಹುಟ್ಟಿದ್ದು 1596–97ರ ಸುಮಾರಿಗೆ. ನೋಡಲು ಬಂದವರಲ್ಲಿ ಬಹುಮಂದಿ, ತಾವು ಯಾರನ್ನು ಕಂಡು ನಗುತ್ತಿದ್ದರೋ ಅಂಥವನೊಬ್ಬನನ್ನು ಬಾಳಿನಲ್ಲಿ ಕಂಡವರೇ ಅಲ್ಲ. ಯೆಹೂದ್ಯ ಮೂಲದವನೆಂದು ಹೆಸರಾದ ರಾಣಿಯ ವೈದ್ಯ ಲೋಪೆಜ್‌ನನ್ನು, ಆಕೆಗೆ ವಿಷವಿಕ್ಕಲು ಹವಣಿಸಿದನೆಂದು 1594ರಲ್ಲಿ ಕೊಂದಿದ್ದರು; ಜನರ ಬಾಯಲ್ಲಿ ಆ ಸುದ್ದಿಯಿತ್ತು. ಇನ್ನು ಬಡ್ಡಿ ಪಾಪವೆಂಬ ಮಾತು. 1571ರ ಕಾನೂನು ನೂರಕ್ಕೆ ಹತ್ತರವರೆಗಿನ ಬಡ್ಡಿಯನ್ನು ಹೇಗೋ ಸಹಿಸಿಕೊಂಡಿತ್ತು. ಅದಕ್ಕೆ ಒಂದು ವರ್ಷ ಹಿಂದೆ, 1570ರಲ್ಲಿ, ಮಿತಿಮೀರಿದ ಬಡ್ಡಿಗೆ ಸಾಲ ಕೊಟ್ಟನೆಂದು ಆರೋಪಕ್ಕೆ ಗುರಿಯಾದವರಲ್ಲಿ ಒಬ್ಬ ಜಾನ್ ಷೇಕ್ಸ್‌ಪಿಯರ್. ಕವಿಯ ಸ್ವಂತ ತಂದೆ!

"ಹಾಗಾದರೆ ಬಡ್ಡಿಯವನನ್ನು ಮನೆಯಲ್ಲೇ ಕಂಡಿದ್ದ" ಎಂದರು ತಾಯಿ.

ವೆನಿಸಿನ ಸಂಗತಿಯನ್ನೂ ಹೇಳಿದೆ. 1516ರಲ್ಲಿ ಅಲ್ಲಿಯ ಯೆಹೂದ್ಯರನ್ನು ಒಂದು ಕೇರಿಯೊಳಗೆ ಕೂಡಿದರು. ರಾತ್ರಿ ಅದರ ಬಾಗಿಲುಗಳಿಗೆ ಬೀಗ. ನೆಲ ಕೊಳ್ಳುವ ಹಕ್ಕಿಲ್ಲ, ಕುಶಲಕರ್ಮಿಗಳ ಸಂಘಗಳಲ್ಲಿ ಜಾಗವಿಲ್ಲ. ಬಡವರಿಗೆ ಸಾಮಾನು ಒತ್ತೆಯಿಟ್ಟುಕೊಂಡು ಸಾಲ ಕೊಡುವ ಅಂಗಡಿಗಳನ್ನು ನಡೆಸಬೇಕೆಂಬುದು, ಅವರು ಆ ಊರಿನಲ್ಲಿ ಇರುವುದಕ್ಕೆ ಸರ್ಕಾರ ಹಾಕಿದ ಷರತ್ತುಗಳಲ್ಲಿ ಒಂದು. ಕಸುಬನ್ನು ಊರೇ ಕೊಟ್ಟಿತು. ಆ ಕಸುಬಿಗಾಗಿ ಊರೇ ಉಗುಳಿತು.

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಗಿರವಿ ಅಂಗಡಿ ಅನ್ನು. ಹಲಸೂರಿನ ಬಜಾರಿನಲ್ಲಿ ಒಂದು ಇತ್ತು. ನೀನು ಎಂ.ಎ. ಸೇರುವಾಗ ನನ್ನ ಬಳೆ ಎರಡನ್ನೂ ಅಲ್ಲಿಯೇ ಇಟ್ಟಿದ್ದೆ" ಎಂದರು.

ನನಗೆ ಇದು ಗೊತ್ತಿರಲಿಲ್ಲ. ಬಳೆಗಳು ಸವೆದಿವೆ, ಬಿಚ್ಚಿಟ್ಟಿದ್ದೇನೆ ಎಂದು ಆಗ ಹೇಳಿದ್ದರು, ನಾನು ನಂಬಿದ್ದೆ. ನಂಬುವುದು ಅನುಕೂಲವಾಗಿತ್ತು. ಪಂಪನ ಕಾಲದ ರಾಜಕೀಯ ಪರಿಸ್ಥಿತಿಯನ್ನು ಪುಟಗಟ್ಟಲೆ ಬರೆದು ಪಾಸಾದವನಿಗೆ ತನ್ನ ಫೀಜು ಎಲ್ಲಿಂದ ಬಂತೆಂಬ ಐತಿಹಾಸಿಕ ಹಿನ್ನೆಲೆ ತಿಳಿದಿರಲಿಲ್ಲ.

"ಹೋಗುವಾಗಲೂ ಅವನನ್ನು ಬೈದುಕೊಂಡು ಹೋಗುತ್ತಿದ್ದೆ, ಬರುವಾಗಲೂ ಬೈದುಕೊಂಡು ಬರುತ್ತಿದ್ದೆ" ಎಂದು ತಾಯಿ ಮುಂದುವರಿಸಿದರು. "ಗಡುವು ಮುಗಿದು ಆರು ತಿಂಗಳಾಗಿತ್ತು. ಬಳೆ ಕರಗಿಸಿರುತ್ತಾನೆ ಅಂದುಕೊಂಡೇ ಹೋದೆ. ಗಂಟು ಬಿಚ್ಚದೆ ಹಾಗೇ ಇಟ್ಟಿದ್ದ. ಬಡ್ಡಿಯಲ್ಲಿ ಒಂದು ಕಾಸೂ ಬಿಡಲಿಲ್ಲ ಅನ್ನು. ಆದರೆ ಬಳೆ ಇಟ್ಟಿದ್ದ."

ಇಂಗ್ಲಿಷ್ ಪುಸ್ತಕ ತೆರೆಯದೆಯೇ ಷೇಕ್ಸ್‌ಪಿಯರನ ಬಳಿಗೆ ಹೋಗುವುದು ನಮ್ಮಲ್ಲಿ ಹೊಸದಲ್ಲ. ಅಭಿನವ ಕಾಳಿದಾಸರೆನಿಸಿದ್ದ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ 'ಒಥೆಲೊ'ವನ್ನು 'ಶೂರಸೇನ ಚರಿತ್ರೆ'ಯಾಗಿಸಿದರು. ಅವರಿಗೆ ಗೈಡು ಇರಲಿಲ್ಲ, ಮನುಷ್ಯರು ಗೊತ್ತಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬಳೆಯದೊಂದು ಚಿಂತೆಯಾದರೆ ಇನ್ನೊಂದು ನನ್ನ ತರಗತಿಯದು. ಗೈಡನ್ನು ಹಳಿಯುವ ನಾನು ಮಾಡುತ್ತ ಬಂದದ್ದೇನು? ವಚನಗಳ ಪಾಠಕ್ಕೆ ಮುಂಚೆ 'ಹನ್ನೆರಡನೆಯ ಶತಮಾನದ ಹಿನ್ನೆಲೆ' ಎಂದು ಅದೇ ಅರ್ಧ ಪುಟವನ್ನು ವರ್ಷವರ್ಷವೂ ಬರೆಸಿದ್ದೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಅಂಬಿಗರ ಚೌಡಯ್ಯ ದೋಣಿ ದಾಟಿಸಿದ್ದಕ್ಕೆ ಏನು ಕೊಡುತ್ತಿದ್ದರು? ಮೇಲಿನವರು ಅವನ ದೋಣಿ ಹತ್ತಿ, ಆಚೆ ದಡದಲ್ಲಿ ಅವನನ್ನು ಮುಟ್ಟುತ್ತಿದ್ದರೆ?" ಎಂದು ಕೇಳಿದಳು. ಗಂಟೆ ಹೊಡೆಯಲು ಐದು ನಿಮಿಷವಿತ್ತು. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದಿದ್ದೆ. ಅವಳು ಕೂತಳು. ಮತ್ತೆ ಏಳಲಿಲ್ಲ. ಅವಳು ಕೇಳಿದ್ದೂ ನನ್ನ ತಾಯಿ ಕೇಳಿದ್ದೂ ಒಂದೇ ಪ್ರಶ್ನೆಯೆಂದು ಈಗ ಹೊಳೆಯಿತು.

ಪರೀಕ್ಷೆ ಮುಗಿಯಿತು. ಹಿನ್ನೆಲೆಗೆ ಏನು ಬರೆದೆಯೆಂದು ಮಗಳನ್ನು ಕೇಳಿದೆ. "ಗೈಡಿನದೇ ಬರೆದೆ ಅಪ್ಪ. ಅಜ್ಜಿಯದನ್ನೆಲ್ಲ ಬರೆಯುವುದಕ್ಕೆ ಟೈಮ್ ಎಲ್ಲಿ?" ಎಂದಳು. ತಪ್ಪೆನ್ನಲಾರೆ. ಅಂಕ ಒಳ್ಳೆಯದೇ ಬಂತು.

ಬೇಸಿಗೆ ರಜೆಯಲ್ಲಿ ಅವಳೇ ಹಟ ಹಿಡಿದು ಆ ಅಂಗಡಿಯನ್ನು ತೋರಿಸೆಂದು ಅಜ್ಜಿಯನ್ನು ಹೊರಡಿಸಿದಳು. ಮೆಟ್ರೊದಲ್ಲಿ ಒಂದೇ ನಿಲ್ದಾಣದ ದಾರಿ. ಸೋಮೇಶ್ವರನಿಗೆ ಕೈಮುಗಿದು ಬಜಾರಿಗೆ ಬಂದೆವು. ಗಿರವಿ ಅಂಗಡಿಯಿದ್ದ ಜಾಗದಲ್ಲಿ ಮೊಬೈಲು ರಿಪೇರಿಯ ಹುಡುಗನೊಬ್ಬ ಕುಳಿತಿದ್ದ. ತಾಯಿ ಎದುರಿಗೆ ನಿಂತು, ಕೈಯ ಬಳೆಗಳನ್ನು ಮೆಲ್ಲನೆ ಹಿಂದಕ್ಕೆ ಸರಿಸಿಕೊಂಡರು.

"ಅವರ ಹೆಸರೇನು ಅಜ್ಜಿ?" ಎಂದಳು ಮಗಳು.

ತಾಯಿ ಯೋಚಿಸಿದರು. ಒಂದೂವರೆ ವರ್ಷ ಅವನ ಮೆಟ್ಟಿಲು ಹತ್ತಿಳಿದವರಿಗೆ ಹೆಸರು ಗೊತ್ತಿರಲಿಲ್ಲ. "ಎಲ್ಲರೂ ಸೇಟು ಅಂತಲೇ ಅನ್ನುತ್ತಿದ್ದೆವು ಕಣೆ" ಎಂದರು.

ಮಗಳು ಸ್ವಲ್ಪ ಹೊತ್ತು ಆ ಅಂಗಡಿಯನ್ನೇ ನೋಡುತ್ತಿದ್ದಳು. "ಕೋರ್ಟಿನ ಸೀನಿನಲ್ಲಿ ಷೈಲಾಕನನ್ನೂ ಅಷ್ಟೆ ಅಪ್ಪ" ಎಂದಳು. "ಹೆಸರು ಹಿಡಿದು ಕರೆಯುವವರು ಕಡಮೆ. ಯೆಹೂದ್ಯ, ಯೆಹೂದ್ಯ ಅಂತಲೇ ಅನ್ನುತ್ತಾರೆ."

ಇದು ಗೈಡಿನಲ್ಲಿ ಇರಲಿಲ್ಲ.